ಸ್ಕಾಟ್ಲೆಂಡಿನ ‘ಐದು ಮರ್ಕ್’ ಜಮೀನು ಅಂದರೆ ಎಷ್ಟು ಎಕರೆ?

ಪ್ರಶ್ನೆ: ನಾವು ಮೂರು ವರ್ಷದಿಂದ ಸ್ಕಾಟ್ಲೆಂಡಿನ ಡಂಫ್ರೀಸ್‌ಶೈರ್‌ನ ಒಂದು ಹಳ್ಳಿಯಲ್ಲಿ, ಹಳೇ ಫಾರ್ಮ್ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೇವೆ. ಮೊನ್ನೆ ಮಾಲೀಕರು ಹಳೇ ಕಾಗದದ ಕಟ್ಟು ಬಿಚ್ಚಿ ತೋರಿಸಿದರು. 17ನೇ ಶತಮಾನದ ಪತ್ರದಲ್ಲಿ ಈ ಫಾರ್ಮ್ ‘ಹಳೇ ಎಕ್ಸ್‌ಟೆಂಟ್ ಪ್ರಕಾರ ಐದು ಮರ್ಕ್‌ಲ್ಯಾಂಡ್’ ಎಂದಿದೆ. 18ನೇ ಶತಮಾನದ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಪಟ್ಟಿಯಲ್ಲಿ ಇದರ ಮೌಲ್ಯ 120 ಪೌಂಡು. 1855ರ ಪಟ್ಟಿಯಲ್ಲಿ 95 ಪೌಂಡು. ಇಷ್ಟು ವರ್ಷದಲ್ಲಿ ಮೌಲ್ಯ ಇಳಿಯುವುದು ಹೇಗೆ? ಐದು ಮರ್ಕ್ ಅಂದರೆ ಎಷ್ಟು ಎಕರೆ? ಇನ್ನೊಂದು ವಿಷಯ. ಮಲ್ ದ್ವೀಪಕ್ಕೆ ಹೋದಾಗ ಪೆನ್ನಿಗೇಲ್, ಪೆನ್ನಿಗೌನ್ ಅಂತ ಬೋರ್ಡುಗಳನ್ನು ನೋಡಿದೆವು. ಇಲ್ಲಿಯ ಊರುಗಳಿಗೆ ದುಡ್ಡಿನ ಹೆಸರು ಯಾಕೆ?

ಉತ್ತರ: ಮೊದಲು ಮೌಲ್ಯ ಇಳಿದ ವಿಷಯ ಮುಗಿಸಿಬಿಡೋಣ. ಅದು ಇಳಿದಿಲ್ಲ. ಏರಿದೆ, ಅದೂ ಒಂಬತ್ತೂವರೆ ಪಟ್ಟು.

ನಿಮ್ಮ ಎರಡು ಪಟ್ಟಿಗಳಲ್ಲಿರುವ ಪೌಂಡು ಒಂದೇ ಪೌಂಡು ಅಲ್ಲ. ಸ್ಕಾಟ್ಲೆಂಡಿಗೆ ತನ್ನದೇ ಪೌಂಡು ಇತ್ತು. 1603ರಲ್ಲಿ ಅಲ್ಲಿಯ ರಾಜ ಆರನೇ ಜೇಮ್ಸ್ ಇಂಗ್ಲೆಂಡಿನ ಗಾದಿಗೂ ಏರಿದ. ಆ ಹೊತ್ತಿಗೆ ಹನ್ನೆರಡು ಸ್ಕಾಟ್ಸ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡು ಅನ್ನುವ ದರ ನಿಂತಿತ್ತು. 1707ರ ಒಕ್ಕೂಟದ ನಂತರ ಸ್ಕಾಟ್ಸ್ ನಾಣ್ಯ ಚಲಾವಣೆಯಿಂದ ಹೋಯಿತು, ಆದರೆ ಕಂದಾಯದ ಪುಸ್ತಕದಿಂದ ಹೋಗಲಿಲ್ಲ. ಹಾಗಾಗಿ ನಿಮ್ಮ 18ನೇ ಶತಮಾನದ 120 ಪೌಂಡು ಸ್ಕಾಟ್ಸ್ ಲೆಕ್ಕದ್ದು. ಹನ್ನೆರಡರಿಂದ ಭಾಗಿಸಿದರೆ 10 ಪೌಂಡು ಸ್ಟರ್ಲಿಂಗ್, ಅಂದರೆ ಇಂಗ್ಲಿಷ್ ಪೌಂಡು. 1855ರ 95 ಪೌಂಡು ಸ್ಟರ್ಲಿಂಗ್‌ನಲ್ಲೇ ಇದೆ. ಈ ಒಂದು ಭಾಗಾಕಾರ ಮರೆತು ಇಡೀ ಪ್ಯಾರಿಷ್‌ನ ಇತಿಹಾಸವನ್ನೇ ತಲೆಕೆಳಗೆ ಬರೆದವರನ್ನು ನಾನು ನೋಡಿದ್ದೇನೆ. ನೀವು ಕೇಳಿ ಒಳ್ಳೇದು ಮಾಡಿದಿರಿ.

ಇನ್ನೂ ಒಂದು ಗಮನಿಸಬೇಕು. ಆ 120 ಪೌಂಡು 18ನೇ ಶತಮಾನದ ಬೆಲೆಯೇ ಅಲ್ಲ. ಅದನ್ನು ‘ವ್ಯಾಲ್ಯೂಡ್ ರೆಂಟ್’ ಅನ್ನುತ್ತಿದ್ದರು. 1643ರಿಂದ ಶುರುವಾಗಿ 1667ರ ಹೊತ್ತಿಗೆ ನೆಲೆನಿಂತ ಲೆಕ್ಕ ಅದು. ಸರ್ಕಾರ ಒಂದೊಂದು ಕೌಂಟಿ ಇಷ್ಟಿಷ್ಟು ಕಟ್ಟಬೇಕು ಎಂದು ಗೊತ್ತುಮಾಡುತ್ತಿತ್ತು. ಕೌಂಟಿಯ ಕಮಿಷನರುಗಳು ಅದನ್ನು ಪ್ಯಾರಿಷ್‌ಗಳ ಮೇಲೆ, ಎಸ್ಟೇಟುಗಳ ಮೇಲೆ ಹಂಚುತ್ತಿದ್ದರು. ಈ ತೆರಿಗೆಗೆ ಜನ ಕರೆಯುತ್ತಿದ್ದದ್ದು ‘ಸೆಸ್’ ಅಂತ. ಹೌದು, ಈಗ ನಮ್ಮ ಬಿಲ್ಲುಗಳಲ್ಲಿ ಕಾಣುವ ಸೆಸ್ ಅದೇ ಪದ. ಒಮ್ಮೆ ಬರೆದ ವ್ಯಾಲ್ಯೂಡ್ ರೆಂಟನ್ನು ಆಮೇಲೆ ಯಾರೂ ಪರಿಷ್ಕರಿಸಲಿಲ್ಲ. ಜಮೀನಿಗೆ ಸುಣ್ಣ ಹಾಕಿದರು, ಬೇಲಿ ಬಂತು, ಗೇಣಿ ಹತ್ತು ಪಟ್ಟಾಯಿತು. ಪುಸ್ತಕದಲ್ಲಿ ಮಾತ್ರ ಅದೇ 120. 1790ರ ದಶಕದಲ್ಲಿ ಸರ್ ಜಾನ್ ಸಿಂಕ್ಲೇರ್ ಒಂದೊಂದು ಪ್ಯಾರಿಷ್‌ನ ಪಾದ್ರಿಯಿಂದಲೂ ಊರಿನ ವಿವರ ಬರೆಸಿ ಅಚ್ಚು ಹಾಕಿಸಿದ. ಆ ಸಂಪುಟಗಳಲ್ಲಿ ಎಷ್ಟೋ ಪಾದ್ರಿಗಳು ಎರಡು ಸಂಖ್ಯೆಯನ್ನೂ ಕೊಡುತ್ತಾರೆ: ವ್ಯಾಲ್ಯೂಡ್ ರೆಂಟ್ ಇಷ್ಟು ಪೌಂಡು ಸ್ಕಾಟ್ಸ್, ನಿಜವಾದ ಗೇಣಿ ಸುಮಾರು ಇಷ್ಟು ಪೌಂಡು ಸ್ಟರ್ಲಿಂಗ್. ನಿಮ್ಮ ಪ್ಯಾರಿಷ್‌ನ ಅಧ್ಯಾಯ ಮೊದಲು ಓದಿ. ಆ ಪಾದ್ರಿಗಳು ಬಲು ಮಾತಿನವರು, ಬೇಸರ ಆಗುವುದಿಲ್ಲ.

ಈಗ ಐದು ಮರ್ಕ್. ಇದೇ ನಿಜವಾದ ಹಳೇ ಸರಕು.

ಮರ್ಕ್ ಅಂದರೆ 13 ಶಿಲಿಂಗ್ 4 ಪೆನ್ಸ್. ಆಗ ಶಿಲಿಂಗಿಗೆ 12 ಪೆನ್ನಿ, ಪೌಂಡಿಗೆ 20 ಶಿಲಿಂಗ್. ಅಂದರೆ ಮರ್ಕ್‌ಗೆ 160 ಪೆನ್ನಿ, ಪೌಂಡಿನಲ್ಲಿ ಮೂರರಲ್ಲಿ ಎರಡು ಪಾಲು. ಬಹುಕಾಲ ಅದು ಬರೀ ಲೆಕ್ಕದ ಹಣ. ಕೈಯಲ್ಲಿ ಹಿಡಿಯುವ ಮರ್ಕ್ ನಾಣ್ಯ ಬಂದದ್ದು ತೀರಾ ತಡವಾಗಿ. ಹಳೇ ಎಕ್ಸ್‌ಟೆಂಟ್ ಅನ್ನುವುದು 13ನೇ ಶತಮಾನದ, ಕೆಲವರ ಪ್ರಕಾರ ಅದಕ್ಕೂ ಹಿಂದಿನ, ಕಂದಾಯದ ಅಂದಾಜು. ಆ ಕಾಲದಲ್ಲಿ ಈ ಜಮೀನಿಗೆ ಐದು ಮರ್ಕ್ ಆಕಾರ ಕಟ್ಟಿದ್ದರು ಅಷ್ಟೇ. ನಿಮ್ಮ ಊರಿನ ಪಹಣಿಯಲ್ಲಿ ‘ಆಕಾರ’ ಅನ್ನುವ ಕಾಲಂ ನೋಡಿದ್ದೀರಿ ಅಲ್ವಾ? ಅಲ್ಲಿ ಎರಡು ರೂಪಾಯಿ ಚಿಲ್ಲರೆ ಪೈಸೆ ಅಂತ ಬರೆದಿದ್ದರೆ ಹೊಲದ ಬೆಲೆ ಎರಡು ರೂಪಾಯಿ ಅಂತ ಯಾರೂ ತಿಳಿಯುವುದಿಲ್ಲ. ಐದು ಮರ್ಕನ್ನೂ ಹಾಗೇ ಓದಿ. ಅದು ಕೊಂಡ ಬೆಲೆ ಅಲ್ಲ, ಗೇಣಿಯೂ ಅಲ್ಲ. ಹೊರೆಯಲ್ಲಿ ಈ ಜಮೀನಿನ ಪಾಲು ಎಷ್ಟು ಅನ್ನುವ ಅಳತೆ.

ಈ ಲೆಕ್ಕವೂ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತುಬಿಟ್ಟಿತು. 1366ರಲ್ಲಿ, ಇಂಗ್ಲೆಂಡಿನ ಸೆರೆಯಿಂದ ಬಿಡಿಸಿಕೊಂಡಿದ್ದ ಎರಡನೇ ಡೇವಿಡ್ ರಾಜನ ಬಿಡುಗಡೆ ಹಣ ಹೊಂದಿಸಲು ದೇಶದ ಜಮೀನಿನ ಅಂದಾಜು ಮತ್ತೆ ಮಾಡಿದರು. ಇಂಗ್ಲೆಂಡಿನ ಜೊತೆ ದಶಕಗಳ ಯುದ್ಧ, ಮೇಲೆ ಪ್ಲೇಗು. ‘ಈಗಿನ ನಿಜ ಮೌಲ್ಯ’ ಹಳೇ ಅಂದಾಜಿನ ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಂತಿತ್ತು. ಆಮೇಲೆ ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾಗುತ್ತಾ ಹೋಯಿತು, ಅಂಕಿಗಳು ಏರಿದವು, ‘ಹೊಸ ಎಕ್ಸ್‌ಟೆಂಟ್’ ಅನ್ನುವುದೂ ಹುಟ್ಟಿತು. ಆದರೂ ಪತ್ರ ಬರೆಯುವವರು ಹಳೆಯದನ್ನು ಬಿಡಲಿಲ್ಲ. ಯಾಕೆಂದರೆ ಜಮೀನನ್ನು ಗುರುತಿಸಲು ಅದೇ ಅನುಕೂಲ. ಸರ್ವೆ ನಂಬರ್ ಇಲ್ಲದ ಕಾಲದಲ್ಲಿ ‘ಇಂಥ ಊರಿನ ಐದು ಮರ್ಕ್‌ಲ್ಯಾಂಡ್’ ಅಂದರೆ ಸಾಕು, ಸುತ್ತಲಿನವರಿಗೆ ಯಾವುದು ಅಂತ ಗೊತ್ತಾಗುತ್ತಿತ್ತು.

ಕಾಗದ ಓದುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಎಲ್ಲಾದರೂ 3 ಪೌಂಡು 6 ಶಿಲಿಂಗ್ 8 ಪೆನ್ಸ್ ಅಂತ ಕಂಡರೆ ಬೇರೆ ಜಮೀನು ಅಂದುಕೊಂಡು ಪಕ್ಕಕ್ಕಿಡಬೇಡಿ. ಐದು ಮರ್ಕನ್ನು ಪೌಂಡಿಗೆ ತಿರುಗಿಸಿದರೆ ಬರುವುದು ಅದೇ. ಇದನ್ನು ಅರ್ಧ ಮಾಡಿ ಇಬ್ಬರು ಮಕ್ಕಳಿಗೆ ಹಂಚಿದ್ದರೆ ತಲಾ 33 ಶಿಲಿಂಗ್ 4 ಪೆನ್ಸ್. 6 ಶಿಲಿಂಗ್ 8 ಪೆನ್ಸ್ ಅಂದರೆ ಅರ್ಧ ಮರ್ಕ್, 3 ಶಿಲಿಂಗ್ 4 ಪೆನ್ಸ್ ಅಂದರೆ ಕಾಲು. ಕೊನೆಯಲ್ಲಿ 4 ಪೆನ್ಸ್ ಅಥವಾ 8 ಪೆನ್ಸ್ ಬಾಲ ಕಂಡರೆ ಮರ್ಕ್ ಲೆಕ್ಕ ಇರಬಹುದು ಅಂತ ಮೂಗು ಅರಳಬೇಕು. ಒಂದು ವಾರ ಇದೇ ಕಾಗದ ಓದಿದರೆ ತಾನಾಗೇ ಬರುತ್ತದೆ.

ಐದು ಮರ್ಕ್ ಅನ್ನುವುದಕ್ಕೆ ಇನ್ನೊಂದು ಬೆಲೆಯೂ ಇತ್ತು. ಈ ಭಾಗ ನನಗೆ ಬಹಳ ಇಷ್ಟ. 1832ರ ಸುಧಾರಣೆಗೆ ಮೊದಲು ಸ್ಕಾಟ್ಲೆಂಡಿನ ಕೌಂಟಿಯಲ್ಲಿ ಓಟು ಹಾಕಬೇಕಾದರೆ ರಾಜನಿಂದ ನೇರವಾಗಿ ಹಿಡಿದ ಜಮೀನು ಇರಬೇಕಿತ್ತು. ಎಷ್ಟು ಜಮೀನು? 1681ರ ಕಾಯ್ದೆ ಎರಡು ದಾರಿ ಕೊಟ್ಟಿತು. ಒಂದು, ಹಳೇ ಎಕ್ಸ್‌ಟೆಂಟ್‌ನಲ್ಲಿ 40 ಶಿಲಿಂಗ್. ಇಲ್ಲವೇ 400 ಪೌಂಡು ಸ್ಕಾಟ್ಸ್ ವ್ಯಾಲ್ಯೂಡ್ ರೆಂಟ್. 40 ಶಿಲಿಂಗ್ ಅಂದರೆ ಸರಿಯಾಗಿ ಮೂರು ಮರ್ಕ್. ಈಗ ನಿಮ್ಮ ಫಾರ್ಮ್ ತೂಗಿ ನೋಡಿ. 120 ಪೌಂಡು ವ್ಯಾಲ್ಯೂಡ್ ರೆಂಟ್‌ಗೆ ಓಟು ಇಲ್ಲ, ಹತ್ತಿರಕ್ಕೂ ಬರುವುದಿಲ್ಲ. ಐದು ಮರ್ಕ್ ಹಳೇ ಎಕ್ಸ್‌ಟೆಂಟ್‌ಗೆ ಓಟು ಉಂಟು, ಮೇಲೆ ಎರಡು ಮರ್ಕ್ ಉಳಿಯುತ್ತದೆ! ಒಂದೇ ಮಣ್ಣು, ಒಂದು ಪುಸ್ತಕದಲ್ಲಿ ಬಡವ, ಇನ್ನೊಂದರಲ್ಲಿ ಮತದಾರ.

ಇಷ್ಟು ಲಾಭ ಇದ್ದಮೇಲೆ ಜನ ಸುಮ್ನೆ ಇರುತ್ತಾರಾ? 18ನೇ ಶತಮಾನದಲ್ಲಿ ದೊಡ್ಡ ಜಮೀನ್ದಾರರು ಕಾಗದದ ಮೇಲಷ್ಟೇ ಜಮೀನು ಚೂರು ಮಾಡಿ ತಮ್ಮ ಕಡೆಯವರಿಗೆ ಓಟು ಹುಟ್ಟಿಸಿದರು. ಹಳೇ ಎಕ್ಸ್‌ಟೆಂಟ್‌ನ ಅಂಕಿಗಳ ಮೇಲೆ ಜಗಳ ಹೆಚ್ಚಾಯಿತು. 1743ರ ಕಾಯ್ದೆ ಒಂದು ಗೆರೆ ಎಳೆಯಿತು: 1681ಕ್ಕಿಂತ ಹಿಂದಿನ ‘ರಿಟೂರ್’ನಲ್ಲಿ ಆ ಅಂಕಿ ಇದ್ದರೆ ಮಾತ್ರ ಒಪ್ಪುತ್ತೇವೆ. ರಿಟೂರ್ ಅಂದರೆ ನಮ್ಮ ಪೌತಿ ಖಾತೆಯ ದೊಡ್ಡಣ್ಣ ಅಂದುಕೊಳ್ಳಿ. ಜಮೀನಿನ ಒಡೆಯ ಸತ್ತಾಗ ಊರಿನ ಪಂಚರು ಕೂತು, ವಾರಸುದಾರ ಇಂಥವನು, ಜಮೀನು ಇಂಥದು, ಹಳೇ ಎಕ್ಸ್‌ಟೆಂಟ್ ಇಷ್ಟು, ಹೊಸದು ಇಷ್ಟು ಎಂದು ಹೇಳಿ ರಾಜನ ಕಚೇರಿಗೆ ಕಳಿಸುತ್ತಿದ್ದ ವರದಿ. ನಿಮ್ಮ ಮಾಲೀಕರ 17ನೇ ಶತಮಾನದ ಪತ್ರದ ಹಿಂದೆ ಇಂಥದೊಂದು ಇರುವ ಸಾಧ್ಯತೆ ಜಾಸ್ತಿ. ಈ ರಿಟೂರ್‌ಗಳ ಸಾರವನ್ನು 1811ರಿಂದ 1816ರ ನಡುವೆ ಕೌಂಟಿವಾರು ಅಚ್ಚು ಹಾಕಿದ್ದಾರೆ, ಊರಿನ ಹೆಸರಿನ ಸೂಚಿಯೂ ಇದೆ. ಭಾಷೆ ಲ್ಯಾಟಿನ್, ಆದರೆ ಹೆದರಬೇಡಿ. ಜಮೀನಿನ ಹೆಸರು, ಎ.ಇ. ಅಂದರೆ ಹಳೇ ಎಕ್ಸ್‌ಟೆಂಟ್, ಎನ್.ಇ. ಅಂದರೆ ಹೊಸದು, ಇಷ್ಟು ಗುರುತು ಸಿಕ್ಕರೆ ಉಳಿದದ್ದು ಒಂದೇ ಧಾಟಿ.

ಎಕರೆ ಪ್ರಶ್ನೆಗೆ ನನ್ನ ಉತ್ತರ ನಿಮಗೆ ನಿರಾಸೆ ತರುತ್ತದೆ. ಐದು ಮರ್ಕ್‌ಗೆ ಇಷ್ಟೇ ಎಕರೆ ಅಂತ ಇಲ್ಲ. ನದಿ ಬಯಲಿನ ಒಳ್ಳೇ ಉಳುಮೆ ಭೂಮಿ ಸ್ವಲ್ಪವೇ ಇದ್ದರೂ ಐದು ಮರ್ಕ್ ಆಗುತ್ತಿತ್ತು. ಅದೇ ಗುಡ್ಡದ ಮೇಲಿನ ಕುರಿ ಹುಲ್ಲುಗಾವಲಾದರೆ ಮೈಲಿಗಟ್ಟಲೆ ಬೇಕು. ಕೆಲವು ಹಳೇ ಪುಸ್ತಕಗಳಲ್ಲಿ ಒಂದು ಮರ್ಕ್‌ಗೆ ಇಷ್ಟು ಎಕರೆ ಅಂತ ಕೋಷ್ಟಕ ಕೊಟ್ಟಿರುತ್ತಾರೆ. ಅದನ್ನು ನಂಬಬೇಡಿ ಅಂತಲೇ ನಾನು ಹೇಳುವುದು. ಎಕರೆಗೆ ಹತ್ತಿರದ ಲೆಕ್ಕ ಬೇಕಾದರೆ ಅದು ಪೂರ್ವ ಮತ್ತು ದಕ್ಷಿಣದ ತಗ್ಗು ನೆಲದ ‘ಆಕ್ಸ್‌ಗ್ಯಾಂಗ್’. ಎತ್ತಿನ ಹೆಸರಿನ ಅಳತೆ ಅದು, ಸುಮಾರು 13 ಸ್ಕಾಟ್ಸ್ ಎಕರೆ. ಎಂಟು ಆಕ್ಸ್‌ಗ್ಯಾಂಗ್ ಸೇರಿದರೆ ಒಂದು ‘ಪ್ಲೋಗೇಟ್’, ಅಂದರೆ ಒಂದು ನೇಗಿಲಿನ ಪಾಲು, 104 ಎಕರೆ. ಅದು ಕೂಡ ಕಾಗದದ ಮೇಲೆ ನೀಟಾಗಿದೆ, ನೆಲದ ಮೇಲೆ ಅಷ್ಟು ನೀಟಾಗಿರಲಿಲ್ಲ.

ಇನ್ನು ಊರ ಹೆಸರು. ಮಲ್ ದ್ವೀಪದಲ್ಲಿ ನೀವು ನೋಡಿದ ಪೆನ್ನಿಗೂ ನಿಮ್ಮ ಮರ್ಕ್‌ಗೂ ಕೆಲಸ ಒಂದೇ, ವಂಶ ಬೇರೆ. ಪಶ್ಚಿಮದ ದ್ವೀಪಗಳನ್ನು ನಾರ್ವೆಯವರು ಆಳುತ್ತಿದ್ದರು. 1266ರ ಪರ್ತ್ ಒಪ್ಪಂದದಲ್ಲಿ ಅವು ಸ್ಕಾಟ್ಲೆಂಡಿಗೆ ಬಂದವು. ಅಲ್ಲಿಯ ಕಂದಾಯದ ಲೆಕ್ಕ ಬೆಳ್ಳಿಯ ತೂಕದಲ್ಲಿತ್ತು. ಒಂದು ಔನ್ಸ್ ಬೆಳ್ಳಿಯ ಪಾಲಿನ ನೆಲಕ್ಕೆ ‘ಔನ್ಸ್‌ಲ್ಯಾಂಡ್’, ಗೇಲಿಕ್‌ನಲ್ಲಿ ‘ತೀರ್ ಉಂಗ’. ಹೆಬ್ರಿಡೀಸ್ ಅನ್ನುವ ಈ ಪಶ್ಚಿಮದ ದ್ವೀಪಗಳಲ್ಲಿ ಅದರೊಳಗೆ 20 ಪೆನ್ನಿಲ್ಯಾಂಡ್. ಉತ್ತರದ ಆರ್ಕ್ನಿ, ಶೆಟ್ಲೆಂಡ್, ಕೇತ್‌ನೆಸ್ ಕಡೆ 18. ಈ 18 ಮತ್ತು 20ರ ವ್ಯತ್ಯಾಸ ಯಾಕೆ ಅನ್ನುವುದರ ಮೇಲೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ನಮಗೆ ಅದು ಬೇಡ.

ಗೇಲಿಕ್‌ನಲ್ಲಿ ಪೆನ್ನಿಗೆ ‘ಪೇಯಿನ್’ ಅನ್ನುತ್ತಾರೆ. ಪೆನ್ನಿಗೌನ್ ಅಂದರೆ ಕಮ್ಮಾರನ ಪೆನ್ನಿನೆಲ. ಪೆನ್ನಿಗೇಲ್ ಅಂದರೆ ಗೇಲ್ ಜನದವನ ಪೆನ್ನಿನೆಲ. ಅದೇ ದ್ವೀಪದಲ್ಲಿ ಪೆನ್ನಿಕ್ರಾಸ್ ಕೂಡ ಇದೆ, ಶಿಲುಬೆಯ ಪೆನ್ನಿನೆಲ. ಒಂದು ಪೆನ್ನಿಯೇ ಜಾಸ್ತಿ ಅನ್ನಿಸುವಷ್ಟು ಚಿಕ್ಕ ನೆಲವಾದರೆ ಅರ್ಧ ಪೆನ್ನಿ. ಸ್ಕೈ ದ್ವೀಪದ ಗ್ಲೆಂಡೇಲ್‌ನಲ್ಲಿ ಲೆಫಿನ್ ಅನ್ನುವ ಊರಿದೆ, ಅದು ‘ಲೇ-ಫೇಯಿನ್’, ಅರ್ಧ ಪೆನ್ನಿ. ಇನ್ನೂ ಚಿಕ್ಕದು ಕಾಲು ಪೆನ್ನಿ. ಅದೇ ಸ್ಕೈನಲ್ಲಿ ಫಿಯೋರ್ಲಿಗ್. ನಾರ್ತ್ ಯೂಯಿಸ್ಟ್ ದ್ವೀಪದಲ್ಲಿ ಮಠಾಧಿಪತಿಯ ಔನ್ಸ್ ಅನ್ನುವ ಅರ್ಥದ ‘ಉಂಗನಾಬ್’ ಇತ್ತು.

ಎಲ್ಲಕ್ಕಿಂತ ಸೊಗಸಾದದ್ದು ಲೂಯಿಸ್ ದ್ವೀಪದಲ್ಲಿದೆ. ಅಲ್ಲಿ ಊರಿಗೇ ‘ಫೈವ್‌ಪೆನ್ನಿ’ ಅಂತ ಹೆಸರು. ಒಂದಲ್ಲ, ಎರಡು: ಫೈವ್‌ಪೆನ್ನಿ ನೆಸ್ ಮತ್ತು ಫೈವ್‌ಪೆನ್ನಿ ಬೋರ್ವ್. ಅಂದಹಾಗೆ, 1799ರಲ್ಲಿ ಟಿಪ್ಪು ಮಡಿದ ನಂತರ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಝಿ ಇದೇ ಲೂಯಿಸ್‌ನ ಸ್ಟಾರ್ನೋವೇಯಲ್ಲಿ ಹುಟ್ಟಿದವನು. ನಮ್ಮ ಊರೂರಿನ ಗಡಿ, ಕೆರೆ, ಕೈಫಿಯತ್ತು ಕೆದಕಿ ಬರೆಸಿಕೊಂಡವನ ಹುಟ್ಟೂರಿನ ಸುತ್ತ ಹಳ್ಳಿಗಳು ಐದು ಪೆನ್ನಿಯ ಲೆಕ್ಕದಲ್ಲಿದ್ದವು ಅನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಉತ್ತರ ಮತ್ತು ಈಶಾನ್ಯಕ್ಕೆ ಹೋದರೆ ದುಡ್ಡಿನ ಬದಲು ಪಾತ್ರೆ. ಅಲ್ಲಿಯ ಘಟಕ ‘ಡಾವಖ್’. ಗೇಲಿಕ್‌ನಲ್ಲಿ ಅದರ ಮೂಲ ಅರ್ಥ ದೊಡ್ಡ ಕೊಪ್ಪರಿಗೆ, ಹಂಡೆ. ಅಷ್ಟು ಧಾನ್ಯ ಕೊಡುವ ನೆಲವೋ, ಅಷ್ಟು ಬೀಜ ಬೀಳುವ ನೆಲವೋ, ವಾದ ಇದೆ. ‘ಹತ್ತು ಕೊಳಗದ ಗದ್ದೆ’, ‘ಖಂಡುಗದ ಗದ್ದೆ’ ಅಂತ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ವರ್ನೆಸ್ ಹತ್ತಿರದ ಡಾಕ್‌ಗ್ಯಾರಖ್, ಡಾಕ್‌ಫೋರ್ ಹೆಸರುಗಳ ತಲೆಯಲ್ಲಿರುವುದು ಈ ಡಾವಖ್. ಅಬರ್ಡೀನ್‌ಶೈರ್‌ನ ಹ್ಯಾಡೋ ಅನ್ನುವುದು ಅರ್ಧ ಡಾವಖ್. ಮೊರೆ ಕಡೆಯ ಲೆಟಖ್ ಅನ್ನುವುದೂ ಅರ್ಧ ಡಾವಖ್! ಒಂದು ಸ್ಕಾಟ್ಸ್ ಮಾತಿನವರ ಬಾಯಲ್ಲಿ ಸವೆದದ್ದು, ಇನ್ನೊಂದು ಗೇಲಿಕ್‌ನವರ ಬಾಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರು ಅಂತ ಯಾರು ಹೇಳುತ್ತಾರೆ?

ಪಾಲಿನ ಹೆಸರುಗಳು ಎಲ್ಲಾ ಕಡೆ ಇವೆ. ಪಿಟ್ಲಾಕ್ರಿ, ಪಿಟೆನ್‌ವೀಮ್, ಪಿಟ್‌ಮೆಡನ್ ಇವುಗಳ ‘ಪಿಟ್’ ಗುಂಡಿ ಅಲ್ಲ. ಪಿಕ್ಟ್ ಜನರ ಭಾಷೆಯಿಂದ ಬಂದ ‘ಪೆಟ್’, ಅಂದರೆ ಭೂಮಿಯ ಪಾಲು. ಐಲಾ ದ್ವೀಪದ ಆಕ್ಟೋಮೋರ್ ಅಂದರೆ ದೊಡ್ಡ ಎಂಟನೇ ಪಾಲು. ವಿಸ್ಕಿ ಬಲ್ಲವರಿಗೆ ಈ ಹೆಸರು ಗೊತ್ತು, ಹೊಗೆ ವಾಸನೆಯ ಆ ವಿಸ್ಕಿಗೆ ಹೆಸರು ಬಂದದ್ದು ಈ ಹೆಸರಿನ ಫಾರ್ಮಿನಿಂದ. ನಿಮ್ಮ ಕಡೆ, ಅಂದರೆ ಡಂಫ್ರೀಸ್‌ಶೈರ್ ಮತ್ತು ಐರ್‌ಶೈರ್‌ನಲ್ಲಿ, ಮರ್ಕ್‌ಲ್ಯಾಂಡ್, ಪೌಂಡ್‌ಲ್ಯಾಂಡ್ ಅನ್ನುವ ಫಾರ್ಮ್‌ಗಳೇ ಇವೆ. ಪೌಂಡ್‌ಲ್ಯಾಂಡ್ ಅಂದಾಕ್ಷಣ ಬ್ರಿಟನ್‌ನಲ್ಲಿ ಎಲ್ಲರಿಗೂ ಅಗ್ಗದ ಅಂಗಡಿ ನೆನಪಾಗುತ್ತದೆ. ಫಾರ್ಮ್‌ಗಳು ಅಂಗಡಿಗಿಂತ ಶತಮಾನಗಳಷ್ಟು ಹಿರಿಯವು.

ಆದರೆ ಒಂದು ಎಚ್ಚರಿಕೆ. ‘ಪೆನ್’ ಕಂಡಲ್ಲೆಲ್ಲಾ ಪೆನ್ನಿ ಹುಡುಕಬೇಡಿ. ನಾನೇ ಶುರುವಿನಲ್ಲಿ ಎಡಿನ್‌ಬರಾ ಹತ್ತಿರದ ಪೆನಿಕುಕ್ ಕಂಡು ಇನ್ನೊಂದು ಪೆನ್ನಿನೆಲ ಸಿಕ್ಕಿತು ಅಂತ ಟಿಪ್ಪಣಿ ಬರೆದಿಟ್ಟಿದ್ದೆ. ಯಾರ ಪೆನ್ನಿ, ಅಡುಗೆಯವನದ್ದಾ ಅಂತ ಬೇರೆ ಯೋಚಿಸಿದೆ. ಅದು ಕುಂಬ್ರಿಕ್ ಅನ್ನುವ, ವೆಲ್ಷ್‌ಗೆ ಹತ್ತಿರದ ಸತ್ತುಹೋದ ಭಾಷೆಯ ಹೆಸರು. ‘ಪೆನ್’ ಅಂದರೆ ತಲೆ, ಗುಡ್ಡ. ಪೆನಿಕುಕ್ ಅಂದರೆ ಕೋಗಿಲೆ ಗುಡ್ಡ. ನಿಮ್ಮ ಕೌಂಟಿಯಲ್ಲೇ ಪೆನ್‌ಪಾಂಟ್ ಇದೆ, ಅದೂ ಹಾಗೇ, ಸೇತುವೆಯ ತುದಿ ಅನ್ನುವ ಅರ್ಥದ್ದು. ನಿಮ್ಮ ನೈಋತ್ಯ ಮೂಲೆಯಲ್ಲಿ ಕುಂಬ್ರಿಕ್ ಮಾತಾಡಿದವರು, ಗೇಲಿಕ್ ಮಾತಾಡಿದವರು, ಸ್ಕಾಟ್ಸ್ ಮಾತಾಡಿದವರು ಒಬ್ಬರ ಮೇಲೊಬ್ಬರು ಬಂದು ಕೂತಿದ್ದಾರೆ. ಹಾಗಾಗಿ ಅಲ್ಲಿಯ ‘ಪಿನ್’, ‘ಪೆನ್’ ಹೆಸರುಗಳಲ್ಲಿ ಕೆಲವು ಗುಡ್ಡವೋ ಪೆನ್ನಿಯೋ ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ತೀರ್ಮಾನಕ್ಕೆ ಬೇಕಾದದ್ದು ಹಳೇ ಕಾಗುಣಿತ. ಈಗಿನ ಬೋರ್ಡಿನ ಕಾಗುಣಿತ ಹೆಚ್ಚಾಗಿ 19ನೇ ಶತಮಾನದಲ್ಲಿ ಆರ್ಡ್‌ನೆನ್ಸ್ ಸರ್ವೆ ಅನ್ನುವ ಸರ್ಕಾರಿ ನಕ್ಷೆ ಇಲಾಖೆಯವರು ನಿಲ್ಲಿಸಿದ್ದು. ಅವರ ‘ನೇಮ್ ಬುಕ್’ಗಳು ಈಗ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ, ತೆರೆದು ನೋಡಿ. ಒಂದೊಂದು ಹೆಸರಿಗೂ ಕಾಲಂಗಳಿವೆ: ನಕ್ಷೆಯಲ್ಲಿ ಬರೆಯುವ ರೂಪ, ಬೇರೆ ಬೇರೆ ಕಾಗುಣಿತ, ಹಾಗೆ ಬರೆಯಬೇಕು ಅಂತ ಹೇಳಿದವರು ಯಾರು, ಎಲ್ಲಿದೆ, ಹೇಗಿದೆ. ‘ಹೇಳಿದವರು ಯಾರು’ ಅನ್ನುವ ಕಾಲಂ ನಿಧಾನವಾಗಿ ಓದಿ. ಜಮೀನ್ದಾರ, ಪಾದ್ರಿ, ಶಾಲಾ ಮಾಸ್ತರು ಇವರೇ ಹೆಚ್ಚು. ದಿನವೂ ಆ ಹೆಸರು ಕೂಗುತ್ತಿದ್ದ ದನಗಾಹಿಯನ್ನು ಕೇಳಿದ್ದು ಅಪರೂಪ. ಮೂವರು ಮೂರು ಥರ ಹೇಳಿದಾಗ ಗೆದ್ದದ್ದು ಸಾಮಾನ್ಯವಾಗಿ ಜಮೀನ್ದಾರನ ಕಾಗುಣಿತ. ಸೋತ ಎರಡು ರೂಪಗಳಲ್ಲೇ ನಿಜವಾದ ಉಚ್ಚಾರ ಕೂತಿರಬಹುದು.

1855ರ ಪಟ್ಟಿಯ ಬಗ್ಗೆ ಒಂದು ಮಾತು. 1854ರ ಕಾಯ್ದೆಯಿಂದ ಶುರುವಾದ ಈ ವ್ಯಾಲ್ಯುಯೇಶನ್ ರೋಲ್ 1989ರವರೆಗೆ ವರ್ಷ ವರ್ಷವೂ ಬಂತು. ಹಿಂದಿನ ಎರಡು ಲೆಕ್ಕ ಜಡ್ಡುಗಟ್ಟಿದ್ದವು, ಇದು ಮಾತ್ರ ಆಯಾ ವರ್ಷದ ಗೇಣಿ. ಮಾಲೀಕ, ಗೇಣಿದಾರ, ವಾಸ ಇರುವವ, ಮೂರು ಹೆಸರೂ ಇರುತ್ತವೆ. ವರ್ಷಕ್ಕೆ 4 ಪೌಂಡಿಗಿಂತ ಕಡಿಮೆ ಬಾಡಿಗೆಯವರ ಹೆಸರು ಎಷ್ಟೋ ಸಲ ಬಿಟ್ಟಿರುತ್ತಾರೆ. ನಿಮ್ಮ ಫಾರ್ಮಿನ ಕೂಲಿಯಾಳುಗಳ ಗುಡಿಸಲು ಅದರಲ್ಲಿ ಕಾಣದಿದ್ದರೆ ಗುಡಿಸಲೇ ಇರಲಿಲ್ಲ ಅಂತ ತಿಳಿಯಬೇಡಿ. ಪ್ಯಾರಿಷ್ ಗಡಿಗಳನ್ನು 1891ರ ಆಸುಪಾಸಿನಲ್ಲಿ ಬಹಳ ಕಡೆ ತಿದ್ದಿದರು. 1895ರ ಪಟ್ಟಿಯಲ್ಲಿ ಫಾರ್ಮ್ ಮಾಯವಾಗಿದ್ದರೆ ಪಕ್ಕದ ಪ್ಯಾರಿಷ್‌ನಲ್ಲಿ ನೋಡಿ.

ನಿಮ್ಮ ಮನೆಗೇ ಮರಳಿ ಬಂದರೆ, ನಾನಾಗಿದ್ದರೆ ಒಂದೇ ಫಾರ್ಮಿಗೆ ಅಂಟಿಕೊಂಡು ಕೂರುತ್ತಿರಲಿಲ್ಲ. ಸುತ್ತಲಿನ ನಾಲ್ಕೈದು ಫಾರ್ಮ್‌ಗಳ ಹಳೇ ಎಕ್ಸ್‌ಟೆಂಟ್ ರಿಟೂರ್‌ನಿಂದ ಹೆಕ್ಕಿ ಒಂದು ಹಾಳೆಯಲ್ಲಿ ಬರೆದು ಕೂಡಿಸುತ್ತಿದ್ದೆ. ನಿಮ್ಮದು ಐದು, ಹೊಳೆಯಾಚೆಯದು ಐದು, ಮೇಲಿನ ಗುಡ್ಡದ್ದು ಎರಡೂವರೆ, ಗಿರಣಿಯ ಕಡೆಯದು ಎರಡೂವರೆ ಅಂತ ಬಂದು ಮೊತ್ತ ಹದಿನೈದು ಮರ್ಕ್ ಆಯಿತು ಅನ್ನಿ. ಹದಿನೈದು ಮರ್ಕ್ ಅಂದರೆ ಸರಿಯಾಗಿ 10 ಪೌಂಡು. ಅಂಥ ದುಂಡು ಸಂಖ್ಯೆ ಸಿಕ್ಕರೆ ಈ ನಾಲ್ಕೂ ಹಿಂದೆ ಒಂದೇ ಹತ್ತು ಪೌಂಡಿನ ಜಮೀನಾಗಿದ್ದು ಆಮೇಲೆ ಒಡೆದಿರಬಹುದು. ಆಗ ನಕ್ಷೆಯ ಮೇಲೆ ನಾಲ್ಕರ ಹೊರಗಡಿ ಎಳೆದು, ಅದು ಯಾವ ಹಳ್ಳ, ಯಾವ ಕಲ್ಲುಗೋಡೆ ಹಿಡಿದು ಹೋಗುತ್ತದೆ ಅಂತ ನಡೆದು ನೋಡಿ. ಮಾಲೀಕರನ್ನೂ ಕರೆದುಕೊಂಡು ಹೋಗಿ, ಬೂಟು ಗಟ್ಟಿಯಾಗಿರಲಿ.